ಅಪ್ಪನ ಬಿಳಿ ಕುರಿಗಳು

೧೯೩೮, ಜುಲೈ ತಿಂಗಳ ಮೊದಲ ಭಾನುವಾರ. ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಬರೆಯಲು ಕೂತೆ. ಸೊಲ್ಲಾಪುರದ ಮೇಲೆ ಮೋಡವಿದೆ, ಮಳೆ ಇಲ್ಲ. ಹೀಗೆ ತಾರೀಖು, ವೇಳೆ, ಹವೆ ಮೂರನ್ನೂ ಬರೆದುಕೊಳ್ಳದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಹನ್ನೊಂದನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗೆ ಎಂದು ಜ್ವರ ಬಂತು, ಬೆಕ್ಕು ಎಷ್ಟು ಮರಿ ಹಾಕಿತು, ಯಾವ ಬೀಗರು ಬಂದು ಎಷ್ಟು ದಿನ ಉಳಿದರು, ಎಲ್ಲ ಅದರಲ್ಲಿದೆ. ಬೀಗರ ಲೆಕ್ಕವನ್ನು ಮಾತ್ರ ಇನ್ನು ಬರೆಯಬೇಡವೆಂದು ಅವ್ವ ಹೇಳಿದ್ದಾಳೆ.

ಆದರೆ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವ ಸಂಗತಿಗೆ ನನ್ನ ಹತ್ತಿರ ತಾರೀಖಿಲ್ಲ. ಅದು ನಡೆದಾಗ ನನಗೆ ನಾಲ್ಕು ವರ್ಷ ತುಂಬಿತ್ತೋ ಇಲ್ಲವೋ. ಅಂದರೆ ಇಪ್ಪತ್ತಮೂರನೆಯ ಇಸವಿ ಇರಬೇಕು. ಅಕ್ಕ ಇಪ್ಪತ್ತನಾಲ್ಕು ಅನ್ನುತ್ತಾಳೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಜೋರಾಗಿ ಮಾತಾಡುವವಳು. ಹಾಗಾಗಿ ನಮ್ಮ ಮನೆಯಲ್ಲಿ ಇಪ್ಪತ್ತನಾಲ್ಕೇ ನಡೆಯುತ್ತದೆ.

ನೆನಪನ್ನು ಕೆದಕಿದವನು ಅಕ್ಕನ ಮಗ ಮಲ್ಲು. ಅವನಿಗೆ ಈಗ ಮೂರು ವರ್ಷ. ನಾನು ಜಕಾತಿ ನಾಕಾದಲ್ಲಿ ಕಾರಕೂನ. ಮಂದ್ರೂಪದ ಕಡೆಯಿಂದ ಜೋಳ, ಬೆಲ್ಲ ಹೇರಿಕೊಂಡು ಬರುವ ಗಾಡಿಗಳಿಗೆ ಪಾವತಿ ಬರೆದು ಕೊಡುವುದು ನನ್ನ ಕೆಲಸ. ಅದಕ್ಕೆ ನಮಗೆ ಕಾಪಿ ಪೆನ್ಸಿಲ್ ಕೊಟ್ಟಿದ್ದಾರೆ. ನಾಲಿಗೆಗೆ ಮುಟ್ಟಿಸಿ ಬರೆದರೆ ಅಕ್ಷರ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅಳಿಸಿದರೂ ಹೋಗುವುದಿಲ್ಲ. ನಾಲಿಗೆಯಿಂದಲೂ ಹೋಗುವುದಿಲ್ಲ. ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನ ತುಟಿ, ನಾಲಿಗೆ, ಎರಡು ಬೆರಳು ಎಲ್ಲ ನೇರಳೆ.

ನಿನ್ನೆ ನಾನು ಚಪ್ಪಲಿ ಬಿಡುವುದರೊಳಗೆ ಮಲ್ಲು ಎದುರಿಗೆ ಬಂದು ನಿಂತ. ಗದ್ದ ಹಿಡಿದು ಬಾಯಿ ತೆರೆಸಿದ. ಒಳಗೆ ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಬಹಳ ದಿನದಿಂದ ಸಹಿಸಿಕೊಂಡವನ ದನಿಯಲ್ಲಿ ಹೇಳಿದ: "ಯವ್ವಾ, ಮಾಮಾ ಇವತ್ತೂ ತಿಂದು ಬಂದಾನ."

ವಿಚಾರಿಸಿದಾಗ ಸಂಗತಿ ಹೊರಬಿತ್ತು. ನಾನು ದಿನಾ ಬೆಳಿಗ್ಗೆ ಹೋಗುವುದು ನಾಕಾದಲ್ಲಿ ಕೂತು ನೀರಲಹಣ್ಣು, ಅಂದರೆ ನೇರಳೆಹಣ್ಣು, ತಿನ್ನುವುದಕ್ಕೆ ಎಂದು ಅವನು ತಿಳಿದಿದ್ದಾನೆ. ತಿನ್ನುವುದೇ ನನ್ನ ಕೆಲಸ. ಅದರಲ್ಲಿ ಅವನಿಗೆ ಆಶ್ಚರ್ಯವಿಲ್ಲ. ಮನೆಗೆ ಒಂದು ಹಣ್ಣನ್ನೂ ತರುವುದಿಲ್ಲವಲ್ಲ, ಅದು ಅವನ ಸಿಟ್ಟು. ಈ ಮಾತನ್ನು ಸಾಲು ಖೋಲಿಗಳ ನಮ್ಮ ಚಾಳಿನ ಎಲ್ಲರಿಗೂ ಹೇಳಿ ಮುಗಿಸಿದ್ದಾನೆ. ಎದುರು ಖೋಲಿಯ ಮಾವಶಿ ಎರಡು ದಿನದಿಂದ ನನ್ನನ್ನು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

ನಾನು ಎಲ್ಲವನ್ನೂ ಕ್ರಮವಾಗಿ ತಿಳಿಸಿ ಹೇಳುವ ಸ್ವಭಾವದವನು. ಜೇಬಿನಿಂದ ಪೆನ್ಸಿಲ್ ತೆಗೆದೆ, ನಾಲಿಗೆಗೆ ಮುಟ್ಟಿಸಿದೆ, ಅವನ ಅಂಗೈ ಮೇಲೆ ಒಂದು ಗೆರೆ ಎಳೆದು ತೋರಿಸಿದೆ. ಅವನು ಪೆನ್ಸಿಲ್ ಕಸಿದುಕೊಂಡು ತುದಿಯನ್ನು ನೆಕ್ಕಿ ನೋಡಿದ. ಮುಖ ಕಿವುಚಿದ.

"ಹಣ್ಣು ನೀ ತಿಂದಿ," ಅಂದ. "ಬೀಜ ನನಗ ಕೊಟ್ಟಿ."

ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ಕಡೆ ನೋಡಿ, "ಅವಗ ಯಾಕ ಅಂತಿ? ಅವ ಒಂದು ಗಿಡ ಅಷ್ಟ ಮಾಡ್ಯಾನ. ನೀ ಇಡೀ ಗಿರಣಿನ ಕುರಿದೊಡ್ಡಿ ಮಾಡಿದ್ದಿ," ಅಂದಳು.

ಅದು ನಿಜ.

ಮುಂದೆ ಹೋಗುವ ಮೊದಲು ಒಂದು ಅಡ್ಡಮಾತು. ಇವತ್ತು ಬೆಳಿಗ್ಗೆ ನಮ್ಮ ಚಾಳಿನ ಸಣ್ಣ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂಡಿಸಿಕೊಂಡು, ನಿಮ್ಮ ಅಪ್ಪ ಅವ್ವ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದೆ. ಸೂಲಗಿತ್ತಿಯ ಮಗಳ ಪ್ರಕಾರ ಅವಳ ಅವ್ವ ಮನೆಯಿಂದಲೇ ಚೀಲದಲ್ಲಿ ಕೂಸನ್ನು ಒಯ್ಯುತ್ತಾಳೆ; ಬರುವಾಗ ಚೀಲ ಖಾಲಿ ಇರುವುದನ್ನು ತಾನು ಕೈ ಹಾಕಿ ನೋಡಿದ್ದಾಳಂತೆ. ಪೋಲೀಸನ ಮಗ, ನಮ್ಮಪ್ಪ ಚೌಕದಲ್ಲಿ ನಿಂತು ನಿಂತು ಬೂಟು ಸವೆಸುತ್ತಾನೆ, ಸವೆದರೆ ಸರಕಾರ ಹೊಸದು ಕೊಡುತ್ತದೆ ಅಂದ. ಟಪ್ಪಾಲಿನವನ ಮಗಳದು ಮಾತ್ರ ಒಂದು ದೂರು. ಊರಿಗೆ ಬರುವ ಪತ್ರಗಳನ್ನೆಲ್ಲ ತನ್ನ ಅಪ್ಪನೇ ಕೂತು ಬರೆಯುತ್ತಾನೆ ಎಂದು ಅವಳು ನಂಬಿದ್ದಾಳೆ. ಅಷ್ಟು ಜನಕ್ಕೆ ಬರೆಯುವವನು ತನಗೆ ಇದುವರೆಗೆ ಒಂದನ್ನೂ ಬರೆದಿಲ್ಲ ಅಂದಳು.

ಈ ಮಕ್ಕಳು ಕಂಡದ್ದನ್ನು ಬಿಟ್ಟು ಏನನ್ನೂ ಕಟ್ಟಿಲ್ಲ, ನೋಡಿ. ಚೀಲ ಖಾಲಿಯಾದದ್ದು ನಿಜ, ಬೂಟು ಸವೆದದ್ದು ನಿಜ, ನನ್ನ ನಾಲಿಗೆ ನೇರಳೆಯಾದದ್ದೂ ನಿಜ. ನನ್ನ ಕುರಿಗಳ ಕತೆಯೂ ಹೀಗೆಯೇ.

ನಾವು ಕುರುಬರು. ನಮ್ಮ ಊರು ಅಕ್ಕಲಕೋಟೆ ಸಂಸ್ಥಾನದ ಒಂದು ಸಣ್ಣ ಹಳ್ಳಿ, ರೈಲು ಸ್ಟೇಷನ್ನಿನಿಂದ ಎರಡು ತಾಸಿನ ದಾರಿ. ಮನೆಯಲ್ಲಿ ಅಪ್ಪನ ಅಪ್ಪ, ಅಂದರೆ ನನ್ನ ಮುತ್ಯಾ. ಅವನ ಹಿರಿಯ ಮಗ ದೊಡ್ಡಪ್ಪ, ದೊಡ್ಡವ್ವ, ಅವರ ಮಕ್ಕಳು, ನನ್ನ ಅವ್ವ, ಅಕ್ಕ, ನಾನು. ಮತ್ತು ವಾಘ್ಯಾ ಎಂಬ ನಾಯಿ. ಅದು ಮುಂದೆ ಬರುತ್ತದೆ. ಹಿತ್ತಲಾಚೆ ಕುರಿದೊಡ್ಡಿ. ನಮ್ಮ ಕಡೆಯ ಕುರಿ ಕಪ್ಪು. ಕಂಬಳಿ ಕಪ್ಪು, ಕತ್ತರಿಸಿದ ಉಣ್ಣೆಯ ರಾಶಿ ಕಪ್ಪು. ಉಣ್ಣೆ ಕತ್ತರಿಸುವ ದಿನಗಳಲ್ಲಿ ಮುತ್ಯಾನ ಹುಬ್ಬು, ದೊಡ್ಡಪ್ಪನ ಮೀಸೆ, ಕಿವಿಯ ಸಂದು, ಧೋತರದ ಮಡಿಕೆ ಎಲ್ಲೆಲ್ಲೂ ಕಪ್ಪು ಎಳೆಗಳು. ಗಂಡಸರು ಬೆಳಿಗ್ಗೆ ಎದ್ದು ಹೋಗುವುದು ಕುರಿಗೆ, ಸಂಜೆ ಬರುವುದು ಕುರಿಯಿಂದ. ಕೆಲಸವೆಂದರೆ ಬೇರೆ ಏನಾದರೂ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಅಪ್ಪ ಸೊಲ್ಲಾಪುರದ ಒಂದು ಗಿರಣಿಯಲ್ಲಿದ್ದ. ಹತ್ತಿಯ ಗಾಂಟುಗಳನ್ನು ಒಡೆದು, ಯಂತ್ರಕ್ಕೆ ಹಾಕಿ, ಹಿಂಜಿ ಬಿಡಿಸುವ ಖಾತೆಯಲ್ಲಿ. ಶನಿವಾರ ಹಗಲು ಪಾಳಿ ಮುಗಿಸಿ ಹಾಗೆಯೇ ರೈಲು ಹತ್ತಿ, ಸ್ಟೇಷನ್ನಿನಿಂದ ನಡೆದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಭಾನುವಾರ ಇದ್ದು ಹೋಗುತ್ತಿದ್ದ. ಬಂದಾಗ ಅವನ ಹುಬ್ಬಿನ ಮೇಲೆ, ಮೀಸೆಯಲ್ಲಿ, ಕಿವಿಯ ಸಂದಿನಲ್ಲಿ, ರುಮಾಲಿನ ಸುತ್ತುಗಳಲ್ಲಿ ಬಿಳಿ ಎಳೆ ಇರುತ್ತಿತ್ತು.

ಇನ್ನು ನಾನು ಏನು ತಿಳಿಯಬೇಕಿತ್ತು, ನೀವೇ ಹೇಳಿ. ಅಪ್ಪನೂ ಕುರಿ ಕತ್ತರಿಸಿ ಬರುತ್ತಾನೆ. ಅಪ್ಪನ ಕುರಿಗಳು ಬಿಳಿ. ನಮ್ಮ ಮನೆಯ ಗಂಡಸರು ವರ್ಷಕ್ಕೆ ಎರಡು ಸಲ ಕತ್ತರಿಸಿದರೆ ಅಪ್ಪ ದಿನಾ ಕತ್ತರಿಸುತ್ತಾನೆ. ಅಂದ ಮೇಲೆ ಸೊಲ್ಲಾಪುರದ ಕುರಿಗಳು ಲೆಕ್ಕಕ್ಕೆ ಸಿಗದಷ್ಟು ಇರಬೇಕು. ಗಿರಣಿಯಲ್ಲಿ ಪಾಳಿಗೆ ಕರೆಯುವ ಉಗಿ ಸೀಟಿ, ಭೋಂಗಾ, ಕೂಗುತ್ತದೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಎರಡೂ ಕೈ ಬಾಯಿಗೆ ಹಿಡಿದು ಕೂಗಿಯೂ ತೋರಿಸಿದ್ದ. ಆ ದನಿಗೆ ವಾಘ್ಯಾ ಓಡಿ ಹೋಗಿ ಬಣವೆಯ ಹಿಂದೆ ಅಡಗಿತು. ಅದು ಆ ಹಿಂಡಿನ ಟಗರು ಎಂದು ನಾನು ನಿಶ್ಚಯ ಮಾಡಿಕೊಂಡೆ.

ಇಲ್ಲಿಂದ ಮುಂದೆ ಹೇಳುವುದರಲ್ಲಿ ನಾನು ಕಂಡದ್ದೂ ಇದೆ, ಕೇಳಿದ್ದೂ ಇದೆ. ದಿನಚರಿಯಲ್ಲಾದರೆ ಅಂಚಿನಲ್ಲಿ 'ಕಂ' ಅಥವಾ 'ಕೇ' ಎಂದು ಗುರುತು ಹಾಕುತ್ತೇನೆ. ಇಲ್ಲಿ ಮಾತಿನಲ್ಲಿಯೇ ಹೇಳುತ್ತೇನೆ.

ಇದು ಕೇಳಿದ್ದು. ಅಪ್ಪ ಗಿರಣಿಗೆ ಸೇರುವ ಮುಂಚೆ ಒಂದು ಮಳೆಗಾಲದಲ್ಲಿ ರೋಗ ಬಂದು ಹಿಂಡು ಅರ್ಧಕ್ಕಿಳಿಯಿತು. ಉಳಿದ ಕುರಿಗೆ ಇಬ್ಬರು ಗಂಡಸರು ಸಾಕು, ನಾನು ಗಿರಣಿಗೆ ಹೋಗುತ್ತೇನೆ ಅಂದ ಅಪ್ಪ. ಮುತ್ಯಾನಿಗೆ ಅದು ಸೇರಲಿಲ್ಲ. ಬಯಲಲ್ಲಿ ಕುರಿಯ ಹಿಂದೆ ನಡೆಯುವವನು ತಗಡಿನ ಕೆಳಗೆ ಹೋಗಿ ಇನ್ನೊಬ್ಬರ ಸೀಟಿಗೆ ಎದ್ದು ಕೂರುವುದು ಅವನ ಪಾಲಿಗೆ ಕೆಲಸವೇ ಅಲ್ಲ. ಮಾತಿಗೆ ಮಾತು ಬೆಳೆಯಿತು. ಕಡೆಗೆ ಮುತ್ಯಾ ಮನೆದೇವರು ಬೀರಪ್ಪನ ಗೂಡಿನ ಮುಂದೆ ನಿಂತು ಸೊಂಟದ ಭಂಡಾರದ ಚೀಲ ಮುಟ್ಟಿ ಹೇಳಿದ: "ನಿನ್ನ ಕೈಲಿಂದ ಮೊದಲನೇ ಉಣ್ಣಿ ಬೀರಪ್ಪಗ ಬರೂತನಾ ನಂದೂ ನಿಂದೂ ಮಾತಿಲ್ಲ."

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಮ್ಮ ಮನೆಯ ಪದ್ಧತಿ ತಿಳಿದಿರಬೇಕು. ಉಣ್ಣೆ ಕತ್ತರಿಸುವ ಮೊದಲ ದಿನ ಪ್ರತಿಯೊಬ್ಬ ಗಂಡಸೂ ಕೈಕಾಲು ತೊಳೆದುಕೊಂಡು ಬರುತ್ತಾನೆ. ಮನೆಯ ಹಿರಿಯ ಅವನ ಕತ್ತರಿಗೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಿಕೊಡುತ್ತಾನೆ. ಅವನು ಕತ್ತರಿಸಿದ ಮೊದಲ ಎಳೆ ಬೀರಪ್ಪನ ಮುಂದೆ ಹೋಗುತ್ತದೆ. ಎಳೆ ಇಟ್ಟವನು ಈ ಮನೆಯ ದುಡಿಯುವ ಮಗ. ಇಡದವನು ನೆಂಟ.

ಅಪ್ಪ 'ಆಗಲಿ' ಎಂದು ಹೊರಟುಹೋದ. ಒಂದು ವರ್ಷಕ್ಕೂ ಮೇಲೆ ಅವರಿಬ್ಬರ ನಡುವೆ ಮಾತಿರಲಿಲ್ಲ. ಇದನ್ನು ಮಾತ್ರ ನಾನು ಕಂಡಿದ್ದೇನೆ. ಯಾಕೆಂದರೆ ನೋಡಲು ಬಹಳ ಮೋಜಾಗಿತ್ತು. ಶನಿವಾರ ಸಂಜೆ ಮುತ್ಯಾ ಹೊರಗೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ. ಅಪ್ಪ ಒಳಗೆ ಪಡಸಾಲೆಯಲ್ಲಿ. ಮುತ್ಯಾ ಮಾತಾಡಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದ.

"ವಾಘ್ಯಾ, ಮಂದಿ ಸೊರಗ್ಯಾರ ನೋಡು. ಸೊಲ್ಲಾಪುರದಾಗ ಉಣ್ಣಾಕ ಸಿಗಂಗಿಲ್ಲೇನೋ."

ಒಳಗಿನಿಂದ ಅಪ್ಪ ಅವ್ವನಿಗೆ, ಹೊರಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದ: "ಎರಡೂ ಹೊತ್ತು ಉಣ್ಣಾಕತ್ತೀನಿ ಅಂತ ನಾಯಿಗಿ ಹೇಳು."

ವಾಘ್ಯಾ ಎರಡೂ ಕಡೆ ತಿರುಗಿ ಬಾಲ ಆಡಿಸುತ್ತಿತ್ತು. ಅಷ್ಟು ಹೊಣೆಯಿದ್ದ ನಾಯಿ ನಮ್ಮ ಊರಿನಲ್ಲಿ ಇನ್ನೊಂದಿರಲಿಲ್ಲ.

ಆದರೆ ಅವ್ವನಿಗೆ ಇದು ಮೋಜಾಗಿರಲಿಲ್ಲ. ಅಪ್ಪನಿಗೆ ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತ್ತು. ದಸರಾ ಮುಗಿಯುತ್ತಲೂ ಅವ್ವ, ಅಕ್ಕ, ನಾನು ಸೊಲ್ಲಾಪುರಕ್ಕೆ ಹೋಗುವುದೆಂದು ಆಗಿತ್ತು. ನಾವು ಹೋದ ಮೇಲೆ ಅಪ್ಪ ಶನಿವಾರ ಊರಿಗೆ ಬರುವ ಕಾರಣವೇ ಉಳಿಯುವುದಿಲ್ಲ. ಮುತ್ಯಾ ಇಲ್ಲಿ, ಮಗ ಅಲ್ಲಿ. ಇಬ್ಬರೂ ಬಾಗುವವರಲ್ಲ. ಮಾತಾಡದೆ ಈ ಮನೆ ಎರಡಾದರೆ ಮತ್ತೆ ಕೂಡುವುದಿಲ್ಲ ಎಂಬುದು ಅವಳ ಭಯ. ಅವಳು ಪಾತ್ರೆ ಕಟ್ಟುತ್ತಾ ದೊಡ್ಡವ್ವನಿಗೆ ಅಂದದ್ದನ್ನು ಅಕ್ಕ ಕೇಳಿಸಿಕೊಂಡಿದ್ದಾಳೆ: "ನಾಯಿನ ಸೊಲ್ಲಾಪುರಕ್ಕ ಒಯ್ಯಾಕ ಬರಂಗಿಲ್ಲ ನೋಡ ಅಕ್ಕಾ. ಇನ್ನ ಇವರು ಯಾರ ಕೂಡ ಮಾತಾಡ್ತಾರ?"

ಆ ದಿನಗಳಲ್ಲಿಯೇ ಉಣ್ಣೆ ಕತ್ತರಿಸುವುದು ಬಂತು. ಕುರಿಗಳನ್ನು ಹಳ್ಳದಲ್ಲಿ ಮೀಯಿಸಿ, ಬಿಸಿಲಿಗೆ ಒಣಗಿಸಿ, ಬೇವಿನ ಗಿಡದ ನೆರಳಿಗೆ ಹೊಡೆದುಕೊಂಡು ಬಂದಿದ್ದರು. ಮುತ್ಯಾ ಒಂದು ಕುರಿಯನ್ನು ಮಲಗಿಸಿ, ಅದರ ಕಾಲು ತನ್ನ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಕತ್ತರಿಸುತ್ತಿದ್ದ. ನಾನು ಹತ್ತಿರ ಕೂತು ಬಿದ್ದ ಎಳೆಗಳನ್ನು ಗುಡ್ಡೆ ಹಾಕುತ್ತಿದ್ದೆ. ಹಸಿ ಉಣ್ಣೆಯ ಆ ವಾಸನೆ ನನಗೆ ಈಗಲೂ ಮಳೆಯಲ್ಲಿ ಯಾರದಾದರೂ ಕಂಬಳಿ ನೆನೆದಾಗ ಬರುತ್ತದೆ. ಇದು ಕಂಡದ್ದು. ಮಾತುಗಳನ್ನು ಅಕ್ಕ, ದೊಡ್ಡಪ್ಪ ಇಬ್ಬರೂ ಹೇಳಿದ್ದನ್ನು ಹೊಂದಿಸಿ ಬರೆಯುತ್ತಿದ್ದೇನೆ.

"ಮುತ್ಯಾ, ಅಪ್ಪನ ಕುರಿ ಬೆಳ್ಳಗದಾವ," ಅಂದೆನಂತೆ.

ಮುತ್ಯಾನ ಕತ್ತರಿ ನಿಂತಿತು. "ಯಾವ ಕುರಿ?"

"ಗಿರಣ್ಯಾನವು. ಅಪ್ಪ ದಿನಾ ಕತ್ತರಸ್ತಾನ. ಅದಕ್ಕ ಅವನ ಮೀಸ್ಯಾಗ ಬಿಳಿ ಉಣ್ಣಿ ಇರ್ತದ."

ಪಕ್ಕದಲ್ಲಿ ಕತ್ತರಿಸುತ್ತಿದ್ದ ದೊಡ್ಡಪ್ಪ ನಕ್ಕುಬಿಟ್ಟ. "ಏ ಹುಚ್ಚಪ್ಪಾ, ಅವು ಕುರಿ ಅಲ್ಲೋ..." ಎಂದು ಶುರು ಮಾಡಿದ.

"ನೀ ಸುಮ್ಮ ಇರು," ಅಂದ ಮುತ್ಯಾ. "ಅವ ಹೇಳಾಕತ್ತಾನ. ಕೇಳೂಣು."

ಕುರಿಯ ಕಾಲು ಹಾಗೆಯೇ ಒತ್ತಿ ಹಿಡಿದುಕೊಂಡು ಮುತ್ಯಾ ನನ್ನನ್ನು ಒಂದೊಂದಾಗಿ ವಿಚಾರಿಸಿದ. ಕುರಿ ಎಷ್ಟು? ಭಾಳ. ಮೇಯುವುದು ಎಲ್ಲಿ? ಒಳಗೇ. ಟಗರು ಇದೆಯೋ? ಇದೆ, ಅದು ಕೂಗಿದರೆ ಇಡೀ ಸೊಲ್ಲಾಪುರ ಏಳುತ್ತದೆ. ಅಂಥ ಟಗರು ಇದ್ದ ಮೇಲೆ ಬೇಲಿ ಬಹಳ ಎತ್ತರ ಇರಬೇಕಲ್ಲ ಎಂದು ಮುತ್ಯಾ ಕೇಳಿದ. ಎತ್ತರ ಇದೆ, ಕಲ್ಲಿನದು, ಎಂದು ನಾನು ನೋಡಿ ಬಂದವನ ಹಾಗೆ ಹೇಳಿದೆ. ಕಲ್ಲಿನ ಬೇಲಿಯ ಮಾತು ಹೇಗೋ ಸರಿಯಾಗಿಯೇ ಇತ್ತು.

ಮುತ್ಯಾ ಸ್ವಲ್ಪ ಹೊತ್ತು ಕುರಿಯ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ಕೇಳಿದ: "ಅಷ್ಟು ಕುರಿ ಕತ್ತರಸ್ತಾನಲ್ಲ ನಿಮ್ಮಪ್ಪ, ಮೊದಲನೇ ಉಣ್ಣಿ ಬೀರಪ್ಪಗ ಕೊಟ್ಟಾನೇನು?"

ನನಗೆ ಗೊತ್ತಿರಲಿಲ್ಲ.

"ಕೇಳು ಮತ್ತ," ಅಂದ ಮುತ್ಯಾ. ಅಂದು, ಮತ್ತೆ ಕತ್ತರಿಸಲು ಬಗ್ಗಿದ.

ನಾನು ಶನಿವಾರದ ತನಕ ಕಾದೆ. ಅಪ್ಪ ಬಂದು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಧೋತರ ಹಿಡಿದು ನಿಲ್ಲಿಸಿ ಕೇಳಿದೆ. ಎಲ್ಲ ಕುರಿ ಕತ್ತರಿಸಿದಿ, ಬೀರಪ್ಪನ ಉಣ್ಣಿ ಎಲ್ಲಿ? ಮುತ್ಯಾ ಕೇಳಾಕತ್ತಾನ.

ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ಕಟ್ಟೆಯ ಮೇಲೆ ಮುತ್ಯಾ ಬೆನ್ನು ತಿರುಗಿಸಿ ಕೂತಿದ್ದ. ನಕ್ಕು ನನ್ನನ್ನು ಎತ್ತಿಕೊಂಡು ಮಾತು ಮರೆಸಬಹುದಿತ್ತು. ಅಪ್ಪ ಹಾಗೆ ಮಾಡಲಿಲ್ಲ. ರುಮಾಲು ತೆಗೆದು ಗೂಟಕ್ಕೆ ಹಾಕದೆ ಜೋಪಾನವಾಗಿ ಪಡಸಾಲೆಯ ಅಂಚಿಗೆ ಇಟ್ಟ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದ. ಹಸಿ ಕೈ ಒರೆಸಿಕೊಂಡು, ರುಮಾಲಿನ ಒಂದೊಂದೇ ಸುತ್ತು ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಬಿಳಿ ಎಳೆಗಳನ್ನು ಬಲಗೈಯಲ್ಲಿ ಕೂಡಿಸಿದ. ಬೆಳವದ ಮೊಟ್ಟೆಯಷ್ಟಾಯಿತು. ನನ್ನ ಎರಡೂ ಅಂಗೈ ಜೋಡಿಸಿ ಅದರಲ್ಲಿಟ್ಟ.

"ಬೀಳಿಸಬ್ಯಾಡ," ಅಂದ. "ಮುತ್ಯಾಗ ಕೊಡು. ಮೊದಲನೇದು ಅಂತ ಹೇಳು."

ಬಾಗಿಲಿನಿಂದ ಕಟ್ಟೆಗೆ ಎಷ್ಟು ದೂರ? ದೊಡ್ಡವನಾದ ಮೇಲೆ ನೋಡಿದ್ದೇನೆ, ಏನೇನೂ ಇಲ್ಲ. ಆದರೆ ಆ ಸಂಜೆ ಗಾಳಿಯಿತ್ತು. ಉಣ್ಣೆಯಾದರೆ ಕೈಗೆ ಭಾರ ತಿಳಿಯುತ್ತದೆ. ಇದು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಉಸಿರು ಬಿಟ್ಟರೆ ಹಾರುತ್ತದೆಂದು ಉಸಿರು ಕಟ್ಟಿಕೊಂಡು ನಡೆದೆ. ಮುತ್ಯಾನ ಮುಂದೆ ನಿಂತು, ಒಟ್ಟಿಗೇ ಉಸಿರನ್ನೂ ಮಾತನ್ನೂ ಬಿಟ್ಟೆ. ಅರ್ಧ ಎಳೆ ಹಾರಿ ವಾಘ್ಯಾನ ಮೂಗಿನ ಮೇಲೆ ಕೂತಿತು. ಉಳಿದದ್ದನ್ನು ಮುತ್ಯಾ ಚಿವುಟಿ ತೆಗೆದುಕೊಂಡ.

ಕಣ್ಣು ಮುಚ್ಚಿ ಮುಟ್ಟಿ, ಇದು ಮೊದಲ ಸಲ ಕತ್ತರಿಸಿದ ಮರಿಯದೋ ಹಳೆಯ ಕುರಿಯದೋ ಎಂದು ಹೇಳುವ ಕೈ ಅದು. ಅದಕ್ಕೆ ಹತ್ತಿ ಗೊತ್ತಾಗುವುದಿಲ್ಲವೆ? ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ನೋಡಿದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಪಡಸಾಲೆಯಲ್ಲಿ ಕೂರದೆ ನಿಂತಿದ್ದ. ಮುತ್ಯಾ ಬಹಳ ಹೊತ್ತು ಹೊಸೆದ ಎಂದು ಅಕ್ಕ ಹೇಳುತ್ತಾಳೆ.

"ಭಾಳ ಮೆತ್ತಗದ," ಅಂದ ಕಡೆಗೆ. ನನಗೇ ಅಂದ.

ಎದ್ದು ಒಳಗೆ ಬಂದ. ಸೊಂಟದ ಚೀಲ ಬಿಚ್ಚಿ ಆ ಎಳೆಗೆ ಭಂಡಾರ ಹಚ್ಚಿ, ಬೀರಪ್ಪನ ಗೂಡಿನಲ್ಲಿ, ಆ ವಾರ ಇಟ್ಟಿದ್ದ ಕಪ್ಪು ಎಳೆಗಳ ಪಕ್ಕದಲ್ಲಿ ಇಟ್ಟ. ಅಪ್ಪನ ಮುಂದೆಯೇ ಹಾದುಹೋದ. ಕಟ್ಟೆಗೆ ಹೋಗಿ ಕೂತು ನಾಯಿಗೆ ಹೇಳಿದ: "ಉಣ್ಣಿ ಬಂತು, ಖರೆ. ಕತ್ತರಿಗಿ ಭಂಡಾರ ಹಚ್ಚೋದು ಉಳೀತು. ಕತ್ತರಿ ಎಲ್ಲಿ ಅದನೋ ಅಲ್ಲಿಗಿ ನಾವ ಹೋಗಬೇಕಾತು, ವಾಘ್ಯಾ."

ನಾಯಿಯನ್ನು ರೈಲಿನಲ್ಲಿ ಬಿಡುವುದಿಲ್ಲವೆಂದು ನನ್ನನ್ನು ಕರೆದುಕೊಂಡು ಹೋದ. ಇದು ದೊಡ್ಡಪ್ಪನ ಮಾತು. ನಾನು ಒಪ್ಪುವುದಿಲ್ಲ, ಅಲ್ಲಗಳೆಯಲು ಆಧಾರವೂ ಇಲ್ಲ.

ಸೊಲ್ಲಾಪುರದ ಆ ದಿನದಲ್ಲಿ ನಾನು ಕಂಡದ್ದೇ ಹೆಚ್ಚು. ಆಕಾಶಕ್ಕೆ ಹೋದ ಚಿಮಣಿ, ಕೆಳಗೆ ಕಲ್ಲಿನ ಗೋಡೆ, ದೊಡ್ಡ ಗೇಟು. ಗೇಟಿನ ಜಮಾದಾರ ಕಂಬಳಿ ಹೊದ್ದ ಮುದುಕನನ್ನೂ ಅವನ ಬೆರಳು ಹಿಡಿದ ಹುಡುಗನನ್ನೂ ನೋಡಿ ಮರಾಠಿಯಲ್ಲಿ ಏನೋ ಕೇಳಿದ. ಮುತ್ಯಾ ಮಗನ ಹೆಸರು ಹೇಳಿದ. ಅಷ್ಟು ದಿನದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ಊಟದ ಬಿಡುವು ಮುಗಿಯುತ್ತ ಬಂದಿದೆ, ಬೇಗ ಮಾತಾಡಿ ಕಳಿಸಿ ಎಂದು ಹೇಳಿ ಜಮಾದಾರ ಒಳಗಿದ್ದ ಯಾರಿಗೋ ಕೂಗಿದ. ಗೇಟಿನೊಳಗೆ ಬಲಗಡೆ ಒಂದು ಬಾಗಿಲು ತೆರೆದಿತ್ತು. ಆ ಬಾಗಿಲಲ್ಲಿ ನಾನು ಅವುಗಳನ್ನು ನೋಡಿದೆ. ಬಿಳಿ ಬೆನ್ನುಗಳು, ಒಂದರ ಮೇಲೊಂದು ಒತ್ತಿಕೊಂಡು, ಬಾಗಿಲ ತನಕ ತುಂಬಿದ್ದವು. ಗಾಳಿ ಬಂದಾಗ ಅಲುಗಾಡಿದವು. ಮುತ್ಯಾನ ಕೈ ಜಗ್ಗಿ ತೋರಿಸಿದೆ.

ಆದರೆ ಮುತ್ಯಾ ಬಾಗಿಲನ್ನು ನೋಡುತ್ತಿರಲಿಲ್ಲ. ಅದರಿಂದ ಹೊರಗೆ ಬರುತ್ತಿದ್ದವನನ್ನು ನೋಡುತ್ತಿದ್ದ. ತಲೆ, ಹುಬ್ಬು, ರೆಪ್ಪೆ, ಮೀಸೆ, ಕೈ ಮೇಲಿನ ಕೂದಲು ಎಲ್ಲ ಬೆಳ್ಳಗಾದ ಒಬ್ಬ ಗಂಡಸು ಕೆಮ್ಮುತ್ತ ಬಂದ. ಮನೆಗೆ ಬರುವಾಗ ಅಪ್ಪ ಕೊಡವಿಕೊಂಡು ಬರುತ್ತಿದ್ದ, ದಾರಿಯ ಗಾಳಿಗೂ ಅರ್ಧ ಹೋಗಿರುತ್ತಿತ್ತು. ಪೂರ್ತಿ ಅವತಾರವನ್ನು ನಾವು ಯಾರೂ ಕಂಡಿರಲಿಲ್ಲ. ಮುತ್ಯಾನ ಎದುರಿಗೆ ಬಂದು ನಿಂತಾಗ ಇಬ್ಬರಲ್ಲಿ ಯಾರು ಅಪ್ಪ, ಯಾರು ಮಗ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಮುತ್ಯಾ ಕೈ ಎತ್ತಿ ಅಪ್ಪನ ಹುಬ್ಬಿನ ಮೇಲಿನದನ್ನು ಹೆಬ್ಬೆರಳಿನಿಂದ ಒರೆಸಿದ. ಒಂದು ಹುಬ್ಬು ಕಪ್ಪಾಯಿತು.

"ಸಿದ್ದಾ," ಅಂದ.

ಅಷ್ಟಕ್ಕೆ ಭೋಂಗಾ ಕೂಗಿತು. ಅಪ್ಪ ಊರಲ್ಲಿ ಕೂಗಿ ತೋರಿಸಿದ್ದು ಅದರ ಮುಂದೆ ಏನೂ ಅಲ್ಲ. ನಾನು ಮುತ್ಯಾನ ಕಂಬಳಿಯೊಳಗೆ ಮುಖ ಹುದುಗಿಸಿದೆ. ಮತ್ತೆ ಇಣುಕಿದಾಗ ಮುತ್ಯಾನ ತುಟಿ ಅಲುಗುತ್ತಿತ್ತು. ಅಪ್ಪ ಬಗ್ಗಿ ಕಿವಿ ಕೊಟ್ಟು ಕೇಳುತ್ತಿದ್ದ. ಆಮೇಲೆ ಅಪ್ಪ ಏನೋ ಹೇಳಿದ, ಮುತ್ಯಾ ತಲೆಯಾಡಿಸಿದ. ಭೋಂಗಾ ನಿಂತಾಗ ಅವರ ಮಾತೂ ಮುಗಿದಿತ್ತು. ಮುತ್ಯಾ ಭಂಡಾರದ ಚೀಲ ಬಿಚ್ಚಿ ಅಪ್ಪನ ಅಂಗೈಗೆ ಒಂದು ಚಿಟಿಕೆ ಹಾಕಿದ. ಅಪ್ಪ ಮುಷ್ಟಿ ಮುಚ್ಚಿಕೊಂಡು ಆ ಬಾಗಿಲೊಳಗೆ ಹೋದ.

ಹಿಂದಿರುಗುವ ರೈಲಿನಲ್ಲಿ ನಾನು ಕೇಳಿದೆ: "ಮುತ್ಯಾ, ಕುರಿ ನೋಡಿದೇನು?"

"ನೋಡಿದೆ," ಅಂದ ಮುತ್ಯಾ. ಕಿಟಕಿಯ ಹೊರಗೆ ನೋಡುತ್ತ ಅಂದ. "ಛಲೋ ಕುರಿ ಅದಾವ. ಅವನ್ನ ಕಾಯೋದು ಸಣ್ಣ ಕೆಲಸಲ್ಲ."

ಮುಂದಿನ ಶನಿವಾರ ಅವರಿಬ್ಬರೂ ಒಂದೇ ಸಾಲಿನಲ್ಲಿ ಉಂಡರು. ವಾಘ್ಯಾನಿಗೆ ಯಾರೂ ಏನೂ ಹೇಳಲಿಲ್ಲ. ಅದು ಸ್ವಲ್ಪ ಹೊತ್ತು ಇಬ್ಬರ ಮುಖವನ್ನೂ ನೋಡಿ ಹಿತ್ತಲಿಗೆ ಹೋಗಿ ಮಲಗಿತು. ದಸರಾ ಆದ ಮೇಲೆ ನಾವು ಸೊಲ್ಲಾಪುರಕ್ಕೆ ಬಂದೆವು. ಮುತ್ಯಾ ಪ್ರತಿ ಸಲ ಉಣ್ಣೆ ಕತ್ತರಿಸಿದ ಮೇಲೆ ಚಾಳಿಗೆ ಬಂದು ನಾಲ್ಕು ದಿನ ಇರುತ್ತಿದ್ದ. ಹೋಗುವಾಗ ಅಪ್ಪ ರುಮಾಲಿನಿಂದ ತೆಗೆದ ಎಳೆ ಕೊಡುತ್ತಿದ್ದ. ಮುತ್ಯಾ ಅದನ್ನು ಭಂಡಾರದ ಚೀಲದಲ್ಲಿ, ಊರಿನ ಕಪ್ಪು ಎಳೆಗಳ ಜೊತೆ, ಹಾಕಿಕೊಳ್ಳುತ್ತಿದ್ದ. ಆ ಚೀಲ ಈಗ ನಮ್ಮ ದೇವರ ಗೂಡಿನಲ್ಲಿದೆ. ಒಳಗಿನ ಎಳೆಗಳಲ್ಲಿ ಯಾವುದು ಕಪ್ಪಿತ್ತು, ಯಾವುದು ಬಿಳಿಯಿತ್ತು ಹೇಳಲು ಬರುವುದಿಲ್ಲ. ಎಲ್ಲ ಭಂಡಾರ ಹತ್ತಿ ಹಳದಿಯಾಗಿವೆ.

ಕುರಿಗಳು ಹತ್ತಿಯಾದದ್ದು ಎಂದು? ಅದೂ ನನಗೆ ಗೊತ್ತಿಲ್ಲ. ಕನ್ನಡ ಶಾಲೆಗೆ ಹೋಗತೊಡಗಿದ ಮೇಲೆ ಅಪ್ಪನಿಗೆ ಬುತ್ತಿ ಕೊಡಲು ಗೇಟಿನ ತನಕ ಹೋಗುತ್ತಿದ್ದೆ. ಹೋಗುತ್ತ ಹೋಗುತ್ತ ಯಾವಾಗಲೋ ಅವು ಕುರಿಯಾಗಿ ಉಳಿಯಲಿಲ್ಲ. ಯಾರೂ ನನ್ನನ್ನು ಕೂ​ಡಿಸಿಕೊಂಡು ತಿದ್ದಲಿಲ್ಲ, ನಾನು ಅತ್ತ ನೆನಪಿಲ್ಲ.

ಭೋಂಗಾದ ಸದ್ದಿನಲ್ಲಿ ಏನು ಮಾತಾಡಿದಿರಿ ಎಂದು ಅಪ್ಪನನ್ನು ಮೂರು ಸಲ ಕೇಳಿದ್ದೇನೆ. ಆ ಮೂರಕ್ಕೂ ದಿನಚರಿಯಲ್ಲಿ ತಾರೀಖಿದೆ. ಮೂರು ಸಲವೂ ಉತ್ತರ ಒಂದೇ: "ಏನಿಲ್ಲ, ಕುರೀದು ಮಾತು."

ಇಷ್ಟು ಬರೆದು ನಿನ್ನೆ ನಿಲ್ಲಿಸಿದ್ದೆ. ಈಗ ಸೋಮವಾರ, ಸಂಜೆ ಏಳೂಕಾಲು. ಹನಿ ಬಿದ್ದು ನಿಂತಿದೆ. ಇವತ್ತು ನಾಕಾದ ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂರುವ ಮುದುಕಿಯ ಹತ್ತಿರ ಒಂದು ದೊನ್ನೆ ನೀರಲಹಣ್ಣು ಕೊಂಡು, ಬುತ್ತಿಯ ಡಬ್ಬಿಗೆ ಹಾಕಿಕೊಂಡು ಬಂದೆ. ಮಲ್ಲು ಎಂದಿನಂತೆ ಗದ್ದ ಹಿಡಿದು ತಪಾಸಣೆ ಮಾಡಿದ. ನಾನು ಡಬ್ಬಿ ಮುಚ್ಚಳ ತೆಗೆದೆ.

ಅವನು ಬಹಳ ಹೊತ್ತು ನೋಡಿದ. "ನಾಕಾದಾಗ ಗಿಡ ಎಷ್ಟು ದೊಡ್ಡದು ಅದ?" ಅಂದ.

ಬಾಯಿಗೆ ಬಂದ ಪೆನ್ಸಿಲಿನ ಮಾತನ್ನು ನುಂಗಿಕೊಂಡೆ. "ಭಾಳ ದೊಡ್ಡದದ," ಅಂದೆ. "ದಿನಾ ಹತ್ತಬೇಕಾಗ್ತದ."

"ಕಾಲು ನೋಯ್ತಾವ?"

ನಾನು ಈ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಇದನ್ನು ನನ್ನನ್ನು ಕೇಳಿದವನು ಅವನೊಬ್ಬನೇ. ನೋಯ್ತಾವ ಅಂದೆ. ಅವನು ನನ್ನ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿ, ಡಬ್ಬಿಗೆ ಕೈ ಹಾಕಿದ. "ಮೊದಲನೇದು ದೇವರಿಗಿ," ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ಅವನು ಒಂದು ಹಣ್ಣನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ಗೂಡಿನ ತನಕ ನಡೆದು, ಮುತ್ಯಾನ ಚೀಲದ ಪಕ್ಕದಲ್ಲಿ ಇಟ್ಟು ಬಂದ. ಬಾಗಿಲಲ್ಲಿ ಅಪ್ಪ ಆಗ ತಾನೆ ಪಾಳಿ ಮುಗಿಸಿ ಬಂದು ನಿಂತಿದ್ದ. ಅವನ ಮೀಸೆ ಈಗ ತೊಳೆದರೂ ಬಿಳಿಯೇ. ಮಲ್ಲು ಗೂಡಿನ ಕಡೆ ನಡೆಯುವಾಗ ಉಸಿರು ಕಟ್ಟಿಕೊಂಡಿದ್ದವನು ಅವನಲ್ಲ, ಅಪ್ಪ.

ಕಡೆಗೆ ಓದುವವರಲ್ಲಿ ಒಂದು ಬೇಡಿಕೆ. ಇಪ್ಪತ್ತಮೂರರ ಅಥವಾ ಅಕ್ಕನ ಪ್ರಕಾರ ಇಪ್ಪತ್ತನಾಲ್ಕರ ದಸರೆಯ ಹಿಂದೆಮುಂದೆ, ಸೊಲ್ಲಾಪುರದ ಗಿರಣಿಯೊಂದರ ಹತ್ತಿ ಬಿಡಿಸುವ ಖಾತೆಯಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದರೆ, ಕರಿ ಕಂಬಳಿಯ ಒಬ್ಬ ಮುದುಕ ಗೇಟಿನಲ್ಲಿ ಮಗನ ಕಿವಿಗೆ ಬಾಯಿ ಹಚ್ಚಿ ಮಾತಾಡಿದ್ದನ್ನು ಕಂಡಿದ್ದರೆ, ಒಂದು ಮಾತು ಕಿವಿಗೆ ಬಿದ್ದಿದ್ದರೂ ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಕಂಡದ್ದೋ ಕೇಳಿದ್ದೋ ಎಂಬುದನ್ನೂ ಬರೆಯಿರಿ. ಮಾತು ಯಾರಿಗೂ ಕೇಳಿರಲಾರದು, ಭೋಂಗಾ ಅಷ್ಟು ಜೋರಾಗಿತ್ತು. ಹಾಗಾದರೆ ಇಷ್ಟನ್ನಾದರೂ ತಿಳಿಸಿ: ಆ ಮಧ್ಯಾಹ್ನ ಒಬ್ಬ ಕೆಲಸಗಾರ ಮುಷ್ಟಿ ಮುಚ್ಚಿಕೊಂಡು ಒಳಗೆ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಯಂತ್ರದ ಹಣೆಗೆ ಹಳದಿ ಹಚ್ಚಿದ್ದನ್ನು ನೀವು ಕಂಡಿರಾ?